ಎರಡೂ ಕಣ್ಣು ಕಟ್ಟಿದ ದಿನಗಳು

ನಾನು ಕಂಪ್ಲಿಯ ಆ ಮನೆಗೆ ಸೊಸೆಯಾಗಿ ಬಂದ ವರ್ಷವೇ ನನ್ನ ಎಡ ಮುಂಗೈ ಮೇಲೆ ಬರೆ ಬಿತ್ತು. ಹಾಲು ಉಕ್ಕಿ ಒಲೆಗೆ ಸುರಿದಿತ್ತು. ಅತ್ತೆ ಬೈಯಲಿಲ್ಲ. ಕೆಂಡದಲ್ಲಿದ್ದ ಇಕ್ಕಳವನ್ನು ಎಳೆದು, ನನ್ನ ಕೈ ಹಿಡಿದು, ಬಳೆಗಳನ್ನು ಮೇಲಕ್ಕೆ ಸರಿಸಿ ಒತ್ತಿದಳು. ಬಳೆ ಒಡೆಯಬಾರದೆಂಬ ಎಚ್ಚರ ಅವಳಿಗಿತ್ತು. ಆಮೇಲೆ ತಾನೇ ಗಾಯಕ್ಕೆ ಮಜ್ಜಿಗೆ ಸುರಿದು, "ಹಾಲಿನ ಮುಂದ ನಿಂತಾಗ ಹಾಲ ನೋಡಬೇಕು" ಎಂದಳು.

ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಅಕ್ಕಿ ಗಿರಣಿ ನಮ್ಮ ಯಜಮಾನರ ಕೈಯಲ್ಲಿ, ಮನೆ ಅತ್ತೆಯ ಕೈಯಲ್ಲಿ. ಆ ಕೈ ಊದುಗೊಳವೆ, ಸೌಟು, ಕಸಬರಿಗೆ, ಹತ್ತಿರ ಏನಿದ್ದರೆ ಅದನ್ನು ಎತ್ತುತ್ತಿತ್ತು. ಯಜಮಾನರು ಚಪ್ಪಲಿ ಮೆಟ್ಟಿ ಗಿರಣಿಗೆ ನಡೆಯುತ್ತಿದ್ದರು. ಹದಿನೈದು ವರ್ಷ ಹಾಗೆ ಕಳೆದವು. ನನಗೆ ಮಕ್ಕಳಾಗಲಿಲ್ಲ. ಅದಕ್ಕೆ ಬೇರೆ ಏಟುಗಳಿದ್ದವು.

ಇದು ಬಳ್ಳಾರಿ ಸೀಮೆ ಮದ್ರಾಸಿಗೆ ಸೇರಿದ್ದ ಕಾಲದ ಮಾತು. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಅತ್ತೆಗೆ ಅರವತ್ತು ದಾಟಿದ ಮೇಲೆ ಎರಡೂ ಕಣ್ಣಿಗೆ ಪೊರೆ ಬಂತು. ಮೊದಲು ಅಕ್ಕಿಯಲ್ಲಿ ಕಲ್ಲು ಕಾಣದಾಯಿತು, ಆಮೇಲೆ ನನ್ನ ಮುಖ. ಆಗ ಬಳೆಯ ಸದ್ದಿನ ಮೇಲೆ ಗುರಿಯಿಟ್ಟು ಹೊಡೆಯತೊಡಗಿದಳು. ಹತ್ತರಲ್ಲಿ ಆರು ಸಲವಾದರೂ ತಗಲುತ್ತಿತ್ತು.

ಹೊಸಪೇಟೆಯಲ್ಲಿ ಮದ್ರಾಸಿನ ಕಡೆಯ ಡಾಕ್ಟರೊಬ್ಬರು ಸ್ವಂತಕ್ಕೆ ಸಣ್ಣ ದವಾಖಾನೆ ಇಟ್ಟಿದ್ದರು. ಪೊರೆ ತೆಗೆಯುವುದರಲ್ಲಿ ಅವರ ಕೈ ಚೆನ್ನಾಗಿದೆ ಎಂಬ ಮಾತಿತ್ತು. ಯಜಮಾನರು ಗಾಡಿ ಕಟ್ಟಿಸಿದರು. ಕಮಲಾಪುರದ ಕೆರೆ ದಾಟುವಾಗ ಅತ್ತೆ ಗಾಡಿಯಲ್ಲೇ ಕೂತು, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸಿದಳು. ಬೆಳಿಗ್ಗೆ ಲಿಂಗಪೂಜೆ ಆಗದೆ ಅವಳು ನೀರೂ ಕುಡಿದವಳಲ್ಲ.

ದವಾಖಾನೆಯಲ್ಲಿ ಮೊದಲು ಮಾಡಿದ ಕೆಲಸವೆಂದರೆ ಆ ಲಿಂಗ ಬಿಚ್ಚಿದ್ದು. ದಾರ ಕೊಳಕಾಗಿದೆ, ಕಣ್ಣಿಗೆ ನಂಜಾಗುತ್ತದೆ ಎಂದು ನರ್ಸಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಯಜಮಾನರಿಗೆ ಕೊಟ್ಟಳು. ಅವರು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಅದು ತಪ್ಪೆಂದು ನನಗೆ ಅನಿಸಿತು, ಆದರೆ ಮಾತಾಡಲಿಲ್ಲ. ಆ ಮನೆಯಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ.

ಕೊಯ್ದದ್ದು ಬಲಗಣ್ಣೊಂದನ್ನೇ. ಕಟ್ಟಿದ್ದು ಎರಡನ್ನೂ. ಹತ್ತು ದಿನ ಅಂಗಾತ ಮಲಗಬೇಕು, ತಲೆ ಅಲುಗಬಾರದು. ಅದಕ್ಕಾಗಿ ಕಿವಿಯ ಎರಡು ಪಕ್ಕಕ್ಕೂ ಮರಳು ತುಂಬಿದ ಉದ್ದ ಚೀಲಗಳನ್ನು ಒತ್ತಿಟ್ಟರು. ಅವಳು ದಿನವಿಡೀ ದವಡೆಗೆ ಇಡುತ್ತಿದ್ದ ತಂಬಾಕು ಬಂದ್. ಮನೆಯವರಿಗೆ ಸಂಜೆ ಒಂದು ತಾಸು ಮಾತ್ರ ಒಳಗೆ ಬರಲು ಅಪ್ಪಣೆ. ಡಾಕ್ಟರು, ನರ್ಸಮ್ಮ, ಕಂಪೌಂಡರ್ ತಮ್ಮತಮ್ಮಲ್ಲಿ ತಮಿಳು ಮಾತಾಡುತ್ತಿದ್ದರು. ಕನ್ನಡ ಚೆನ್ನಾಗಿ ಬರುತ್ತಿದ್ದವಳೆಂದರೆ ಆಯಾ ಒಬ್ಬಳೇ, ಹೊಸಪೇಟೆಯವಳೇ ಆದ ಮುದುಕಿ.

ಎರಡನೆಯ ದಿನ ಸಂಜೆ ಹೋದಾಗ ಅತ್ತೆ ಮೆಲ್ಲಗೆ ಕೇಳಿದಳು, "ಇಷ್ಟು ಮಂದಿ ಯಾಕ ಕೂಡ್ಯಾರ? ಯಾರ ಸತ್ತಾರ?"

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. "ಮುದುಕೀಗೆ ಕನಸು ಬಿದ್ದೈತಿ" ಎಂದು ಯಜಮಾನರು ನಕ್ಕರು. ನಾನೂ ನಕ್ಕೆ.

ಮೂರನೆಯ ದಿನ ಸುಡು ಮಧ್ಯಾಹ್ನ. ಆಯಾನ ಕೈಗೆ ಕೊಟ್ಟು ಹೋಗಲೆಂದು ಅಂಬಲಿಯ ತಂಬಿಗೆ ಹಿಡಿದು ಬಾಗಿಲಿಗೆ ಬಂದಿದ್ದೆ. ಒಳಗಿನಿಂದ ಬಂದ ಕಿರುಚಾಟ ಕೇಳಿ ಯಾವುದೋ ದನ ನುಗ್ಗಿರಬೇಕು ಎಂದುಕೊಂಡೆ. ಓಡಿ ನೋಡಿದರೆ ಅತ್ತೆ ಮಂಚದ ಮೇಲೆ ಎದ್ದು ನಿಂತಿದ್ದಾಳೆ. ಕಣ್ಣಿನ ಪಟ್ಟಿ ಕೊರಳಿಗೆ ಜೋತಿದೆ. ಬಲಗಣ್ಣಿನಿಂದ ರಕ್ತ ಬೆರೆತ ನೀರು ಕೆನ್ನೆಗೆ ಇಳಿಯುತ್ತಿದೆ. ಒಂದು ಮರಳಿನ ಚೀಲ ಹರಿದು ನೆಲಕ್ಕೆಲ್ಲ ಚೆಲ್ಲಿದೆ. ಇನ್ನೊಂದನ್ನು ಅವಳು ಎರಡೂ ಕೈಯಲ್ಲಿ ಹಿಡಿದು ಬೀಸುತ್ತಿದ್ದಾಳೆ. ಆಯಾ ಗೋಡೆಗೆ ಒರಗಿ ಕೂತು ಬಾಯಿಂದ ರಕ್ತ ಉಗುಳುತ್ತಿದ್ದಳು. ಕಂಪೌಂಡರ್ ಹಿಂದಿನಿಂದ ಅವುಚಿ ಹಿಡಿಯಲು ಹೋದ. ಅತ್ತೆ ಅವನ ಕೈಗೆ ಬಾಯಿ ಹಾಕಿ, ನಾಯಿ ಎಲುಬು ಹಿಡಿದ ಹಾಗೆ ಹಿಡಿದು ಬಿಡಲೇ ಇಲ್ಲ.

"ಅತ್ತೀ, ನಾನ್ರಿ" ಎಂದು ಹತ್ತಿರ ಹೋದೆ. ಬಳೆಯ ಸದ್ದು ಕೇಳಿತೇನೋ. ಅವನ ಕೈ ಬಿಟ್ಟು, ಮಂಚದ ಪಕ್ಕದ ಹಿತ್ತಾಳೆಯ ಹೂಜಿಯನ್ನು ಎತ್ತಿ ಅಪ್ಪಳಿಸಿದಳು. ನನ್ನ ಹಣೆ ಒಡೆಯಿತು. ಅಂಬಲಿ, ರಕ್ತ, ಮರಳು ಎಲ್ಲ ಒಂದಾದವು.

ಅಷ್ಟರಲ್ಲಿ ಯಜಮಾನರು ಬಂದರು. ತಾಯಿಯ ಮುಂದೆ ಎಂದೂ ದನಿ ಎತ್ತದಿದ್ದ ಮನುಷ್ಯ ಅವಳ ಕೆನ್ನೆಗೆ ಬಾರಿಸಿದರು, ಒಂದಲ್ಲ, ಎರಡು. ಅವಳು ಇನ್ನೂ ಜೋರಾಗಿ ಎರಗಿದಳು. ಕೊನೆಗೆ ನಾಲ್ಕು ಜನ ಸೇರಿ ಅವಳನ್ನು ಮಂಚಕ್ಕೆ ಕೆಡವಿದೆವು. ಕಂಪೌಂಡರ್ ಹಗ್ಗ ತಂದ. ಕಾಲನ್ನು ಅವನು ಕಟ್ಟಿದ, ಬಲಗೈಯನ್ನು ಯಜಮಾನರು, ಎಡಗೈಯನ್ನು ನಾನು.

ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಆ ಗಂಟನ್ನು ನಾನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದೆ. ಹಗ್ಗ ಅವಳ ಚರ್ಮದೊಳಗೆ ಇಳಿಯುವುದು ಕಾಣುತ್ತಿತ್ತು. ಕಂಡೂ ಇನ್ನೊಂದು ಸುತ್ತು ಸುತ್ತಿದೆ. ನನ್ನ ಮೈಯಲ್ಲಿ ಏನೋ ತಣ್ಣಗಾಯಿತು. ಹದಿನೈದು ವರ್ಷದಲ್ಲಿ ಅಂಥ ಸುಖ ನನಗೆ ಆ ಮನೆಯಿಂದ ಸಿಕ್ಕಿರಲಿಲ್ಲ.

ಆಗ ಅವಳು ಕಿರುಚುವುದನ್ನು ನಿಲ್ಲಿಸಿದಳು. ಎಳೆಯ ಹುಡುಗಿಯ ದನಿ ಬಂತು, ಅವಳದೇ ಗಂಟಲಿನಿಂದ.

"ಅತ್ತೀ, ಕಟ್ಟಬ್ಯಾಡ್ರಿ. ಬಡೀಬ್ಯಾಡ್ರಿ ಅತ್ತೀ. ಇನ್ನೊಮ್ಮಿ ಮಾಡಂಗಿಲ್ರಿ. ಕಂಬಕ್ಕ ಕಟ್ಟಬ್ಯಾಡ್ರಿ."

ಅವಳ ಅತ್ತೆಯನ್ನು ನಾನು ನೋಡಿದವಳಲ್ಲ. ನಾನು ಬರುವ ಎಷ್ಟೋ ವರ್ಷ ಮೊದಲೇ ಸತ್ತಿದ್ದಳು. ನಡುಮನೆಯ ಕಂಬ ಮಾತ್ರ ಗೊತ್ತಿತ್ತು. ದಿನಾ ಒರೆಸುತ್ತಿದ್ದೆ. ನಾನು ಗಂಟಿಗೆ ಕೈ ಹಾಕಿದೆ. ಬಿಗಿ ಎಷ್ಟಿತ್ತೆಂದರೆ ಬಿಚ್ಚಲಾಗಲಿಲ್ಲ. ನನ್ನ ಉಗುರು ಮುರಿಯಿತು. ಕಂಪೌಂಡರ್ ನನ್ನನ್ನು ಹೊರಗೆ ತಳ್ಳಿದ.

ಜಗುಲಿಯಲ್ಲಿ ಕೂತು ನನ್ನ ಹಣೆಗೆ ಬಟ್ಟೆ ಕಟ್ಟಿದವಳು ಆಯಾ. ಅವಳ ಎರಡು ಹಲ್ಲು ಹೋಗಿದ್ದವು.

"ಆಕಿ ಮ್ಯಾಲ ಸಿಟ್ಟಾಗಬ್ಯಾಡವ್ವ" ಎಂದಳು. "ವಯಸ್ಸಾದವರಿಗೆ ಹಿಂಗ ಆಕ್ಕತಿ. ನಾ ಭಾಳ ಮಂದೀನ ನೋಡೀನಿ. ಕಣ್ಣು ಕಟ್ಟಿ ಕತ್ತಲಾಗ ಹಾಕತಾರ. ಹಗಲು ರಾತ್ರಿ ತಿಳಿಯಂಗಿಲ್ಲ. ತಮ್ಮ ಮಂದಿ ದನಿ ಇಲ್ಲ. ಬಾಯಿಗೆ ನೀರು ಕೊಡೋರಿಲ್ಲ. ಮೂರನೇ ದಿನಕ್ಕ ಬುದ್ಧಿ ಹಾದಿ ತಪ್ಪತೈತಿ. ಹಗ್ಗದಾಗ ಕಟ್ಟಿದ್ರ ಮುಗೀತು, ಇನ್ನೂ ದೂರ ಹೋಗತೈತಿ."

"ಮತ್ತ ಡಾಕ್ಟರಿಗೆ ಹೇಳಿಲ್ಲೇನು?"

"ಕಸ ಹೊಡಿಯೋ ಆಯಾನ ಮಾತು ಯಾರ ಕೇಳತಾರವ್ವ?"

ಕಣ್ಣು ಹೋಯಿತು. ಒಳಗಿನ ನೀರೆಲ್ಲ ಹರಿದು ಗುಡ್ಡೆ ಕುಸಿದಿತ್ತು. ಎಂಟನೆಯ ದಿನ ಮನೆಗೆ ಕರೆತಂದೆವು. ಬುದ್ಧಿ ಬಂದು ಬಂದು ಹೋಗುತ್ತಿತ್ತು. ಒಂದು ಗಳಿಗೆ ನನ್ನನ್ನು ಗುರುತಿಸುವಳು, ಮರುಗಳಿಗೆ ಹೊದಿಕೆ ಹರಿಯುವಳು.

ಸುದ್ದಿ ಕೇಳಿ ಯಜಮಾನರ ಅಕ್ಕ ಸಂಡೂರಿನಿಂದ ಬಂದರು. ಜೊತೆಗೆ ಒಬ್ಬ ದೆವ್ವ ಬಿಡಿಸುವವನನ್ನು ಕರೆತಂದಿದ್ದರು. "ಅವ್ವನ ಮೈಯಾಗ ಏನೋ ಹೊಕ್ಕೈತಿ. ದವಾಖಾನ್ಯಾಗ ಸತ್ತವರು ಎಷ್ಟೋ ಮಂದಿ" ಎಂದು ಅಳುತ್ತಿದ್ದರು. ಅವರ ಅಳು ಸುಳ್ಳಲ್ಲ.

ಅವನು ಅತ್ತೆಯನ್ನು ನಡುಮನೆಯಲ್ಲಿ ಕೂರಿಸಿದ. ಕೂದಲು ಹಿಡಿದು ತಲೆ ಹಿಂದಕ್ಕೆ ಜಗ್ಗಿ, ಹುಣಸೆಯ ಹಸಿ ಬರಲಿನಿಂದ ಬೆನ್ನಿಗೆ ಬಾರಿಸತೊಡಗಿದ. "ಹೆಸರು ಹೇಳು, ಯಾರು ನೀನು?" ಪ್ರತಿ ಏಟಿಗೂ ಅತ್ತೆ ಮುಂದಕ್ಕೆ ಬಾಗುತ್ತಿದ್ದಳು. ಸೀರೆಯ ಮೇಲೆ ರಕ್ತದ ಗೆರೆ ಮೂಡಿದವು. ಯಜಮಾನರು ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದರು. ಆಮೇಲೆ ಅವನು ಕೆಂಡದ ಅಗ್ಗಿಷ್ಟಿಕೆ ತರಿಸಿ, ಅದರ ಮೇಲೆ ಒಂದು ಹಿಡಿ ಒಣಮೆಣಸಿನಕಾಯಿ ಸುರಿದು, ಅವಳ ಮುಖವನ್ನು ಹೊಗೆಯ ಮೇಲೆ ಹಿಡಿದು ಬಗ್ಗಿಸಿದ. ಆ ಒಡೆದ ಕಣ್ಣನ್ನು.

ನಾನು ಏನು ಯೋಚಿಸಿದೆನೋ ನೆನಪಿಲ್ಲ. ಅಗ್ಗಿಷ್ಟಿಕೆಯನ್ನು ಕಾಲಿನಿಂದ ಒದ್ದೆ. ಕೆಂಡ ಅವನ ಪಂಚೆಯ ಮೇಲೆ ಬಿತ್ತು. ಅವನು ಹಾರಿ ನಿಂತಾಗ ಕೈಯಲ್ಲಿದ್ದ ಬರಲನ್ನು ಕಸಿದು ಅವನ ಮುಖಕ್ಕೆ ಹೊಡೆದೆ. ಮತ್ತೆ ಹೊಡೆದೆ. ಓಡುವವನ ಬೆನ್ನಿಗೂ ಅಂಗಳದವರೆಗೆ ಹೊಡೆದೆ. ಯಜಮಾನರ ಅಕ್ಕ ನನ್ನ ಜುಟ್ಟು ಹಿಡಿದು ಗೋಡೆಗೆ ಬಡಿದರು, ಹಣೆಯ ಗಾಯ ಮತ್ತೆ ಬಿಚ್ಚಿತು.

"ಇನ್ನೊಮ್ಮೆ ಯಾರರ ಆಕೀನ ಮುಟ್ಟಿದ್ರ ಕಡೀತೀನಿ" ಎಂದೆ. ಮೂಲೆಯಲ್ಲಿ ಈಳಿಗೆ ಇತ್ತು. ಎಲ್ಲರೂ ಅದನ್ನು ನೋಡಿದರು.

ಅತ್ತೆ ಕೆಮ್ಮುತ್ತಾ ನೆಲದ ಮೇಲೆ ಬಿದ್ದಿದ್ದಳು. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಣ್ಣೀರಿನಿಂದ ಕಣ್ಣು ತೊಳೆದೆ. ಪ್ರೀತಿಯಿಂದ ಮಾಡಿದೆನೆಂದು ಹೇಳಲಾರೆ. ಕಂಬದ ಹತ್ತಿರದಲ್ಲೇ ಕೂತಿದ್ದೆವು.

ಹದಿನೈದು ದಿನಕ್ಕೆ ಬುದ್ಧಿ ಪೂರ್ತಿ ಮರಳಿತು. ಉಳಿದ ಎಡಗಣ್ಣಿನ ಪೊರೆ ಬಲಿತು ಅವಳು ಕುರುಡಿಯೇ ಆದಳು. ಆ ಕಣ್ಣನ್ನಾದರೂ ಕೊಯ್ಸೋಣ ಎಂದರೆ ಕೈಗೆ ಸಿಕ್ಕಿದ್ದನ್ನು ತೂರುತ್ತಿದ್ದಳು. ಒಂದು ವರ್ಷ ಹೀಗಾಯಿತು. ಒಂದು ಮಧ್ಯಾಹ್ನ ಅವಳ ತಲೆಗೆ ಎಣ್ಣೆ ಹಚ್ಚುತ್ತಾ ಕೇಳಿದೆ, "ಎದಕ್ಕ ಒಲ್ಲೆ ಅಂತೀರಿ?"

ಅವಳು ಹೇಳಿದಳು. "ನನ್ನ ಕುಣಿಯಾಗ ಇಳಿಸಿದ್ರು. ಕೂಡ್ರಿಸಿ ಮಣ್ಣು ಹಾಕಾಕತ್ತಿದ್ರು. ಕಿವಿ ಮಟ ಬಂದಿತ್ತು ಮಣ್ಣು, ಎರಡೂ ಕಡಿಗೆ. ಕತ್ತಲ. ಏನೋ ತಿಳೀಲಾರದ ಮಾತು ಆಡತಿದ್ರು. ಲಿಂಗ ಹುಡುಕಿದ್ನಿ, ಕೊಳ್ಳಾಗ ಇಲ್ಲ, ಕೈಯಾಗ ಇಲ್ಲ. ಲಿಂಗಾನೂ ಕಸಗೊಂಡು ಹೂಳಾಕತ್ತಾರ, ಜೀವ ಇರೋವಾಗ. ಅದಕ್ಕ ಬಡದ್ನಿ."

ನಮ್ಮವರಲ್ಲಿ ಸತ್ತವರನ್ನು ಹಾಗೆಯೇ ಕುಣಿಯಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಮರಳಿನ ಚೀಲ ನೆನಪಾಯಿತು. ಯಜಮಾನರ ಕಿಸೆಯೂ.

"ನಾ ಯಾರ್ಯಾರನ್ನ ಬಡದ್ನಿ?" ಎಂದಳು.

"ಆಯಾನ್ನ. ಕಂಪೌಂಡರನ್ನ ಕಡದ್ರಿ. ನನ್ನ."

"ನಿನ್ನ ಬಡದಿದ್ದು ಹೊಸಾದೇನಲ್ಲ" ಎಂದಳು.

ಅವಳನ್ನು ಒಪ್ಪಿಸಿದ್ದು ಒಂದೇ ಮಾತು: ನಾನು ಪಕ್ಕದಿಂದ ಏಳುವುದಿಲ್ಲ. ಡಾಕ್ಟರನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. "ಇದು ಛತ್ರ ಅಲ್ಲಮ್ಮಾ. ಮನೆಯವರು ಒಳಗೆ ಇರಬಾರದು" ಎಂದರು ತಮ್ಮ ಹರಕು ಕನ್ನಡದಲ್ಲಿ.

"ಹಂಗಾದ್ರ ಕೊಯ್ಯಬ್ಯಾಡ್ರಿ. ಗಾಡಿ ಹೊರಗೇ ಐತಿ, ಹೊಳ್ಳಿ ಹೋಗ್ತೀವಿ" ಎಂದೆ. ಆಮೇಲೆ ಕುಣಿಯ ಮಾತನ್ನು ಹೇಳಿದೆ, ಅತ್ತೆ ಹೇಳಿದ ಹಾಗೆಯೇ. ಆಯಾ ಪೊರಕೆ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಖರೇ ಐತ್ರಿ ಸಾಹೇಬ್ರ" ಎಂದು ಬಿಟ್ಟಳು. ಎಲ್ಲರ ಮುಂದೆ ಅವಳು ಬಾಯಿ ತೆರೆದದ್ದನ್ನು ಅಂದೇ ನೋಡಿದ್ದು.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಹೋದ ಸಲ ನನ್ನ ಕೈ ತಪ್ಪಲಿಲ್ಲ. ಆದರೂ ಕಣ್ಣು ಹೋಯಿತು. ಯಾಕೆ ಎಂದು ನಾನು ತುಂಬ ಯೋಚನೆ ಮಾಡಿದೆ" ಎಂದರು. ಕನ್ನಡಕ ಮತ್ತೆ ಏರಿಸಿಕೊಂಡು, "ಸರಿ, ನೀವು ಇರಿ" ಎಂದರು.

ಈ ಸಲ ಎಡಗಣ್ಣು ಕೊಯ್ಯುವ ಮೊದಲೇ ಆಯಾ ಲಿಂಗದ ಬೆಳ್ಳಿಯ ಕರಡಿಗೆಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಹೊಸ ದಾರ ಹಾಕಿ, ಅತ್ತೆಯ ಬಲತೋಳಿಗೆ ಕಟ್ಟಿದಳು. ಮರಳಿನ ಚೀಲದ ಬದಲು ಮನೆಯ ಕೌದಿಯನ್ನೇ ಸುರುಳಿ ಮಾಡಿ ತಲೆಗೆ ಒತ್ತಿದೆವು. ಹಳೆ ಸೀರೆಗಳಿಂದ ಅವಳೇ ಹೊಲಿದ ಕೌದಿ ಅದು, ಬೆರಳಿಗೆ ಅದರ ಹೊಲಿಗೆ ಗೊತ್ತಿತ್ತು. ಅತ್ತೆಗೆ ಎಡಗಿವಿ ಮಂದ. ನಾನು ಬಲಗಡೆ ಕೂತೆ. ಬೆಳಗಿನ ಬಿಸಿಲು ಪಾದದ ಮೇಲೆ ಬೀಳುವ ಹಾಗೆ ಮಂಚ ತಿರುಗಿಸಿದೆವು. ಬಿಸಿಲು ಬಿದ್ದಾಗ "ಹೊತ್ತು ಹುಟ್ಟೈತ್ರಿ", ರೈಲು ಕೂಗಿದಾಗ "ಗುಂತಕಲ್ ಗಾಡಿ ಬಂತ್ರಿ", ದೀಪ ಹಚ್ಚಿದಾಗ "ದೀಪ ಹಚ್ಯಾರ್ರಿ, ಇದು ಹೊಸಪ್ಯಾಟಿ ದವಾಖಾನಿ, ಕಣ್ಣು ಕೊಯ್ದಾರ, ನಾನು ನಿಮ್ಮ ಸೊಸಿ" ಎನ್ನುತ್ತಿದ್ದೆ. ಗಿಣಿಗೆ ಹೇಳಿಕೊಟ್ಟ ಹಾಗೆ, ದಿನಕ್ಕೆ ಎಷ್ಟು ಸಲವೋ. ಮಧ್ಯಾಹ್ನ ನಿದ್ದೆ ಮಾಡಗೊಡದೆ ಕಂಪ್ಲಿಯ ಸುದ್ದಿ ಹೇಳಿಸುತ್ತಿದ್ದೆ. ಗಳಿಗೆಗೊಮ್ಮೆ ಚಮಚದಲ್ಲಿ ನೀರು ಕೊಟ್ಟೆ. ಬಹಿರ್ದೆಸೆಗೆ ಪಾತ್ರೆ ಹಿಡಿಯುವವಳು ನಾನೇ ಎಂದಾಗ ಅವಳು ನಾಚಿಕೆಯಿಂದ ತಡೆದುಕೊಳ್ಳುವುದನ್ನು ಬಿಟ್ಟಳು. ನರ್ಸಮ್ಮ ನಿದ್ದೆಯ ಔಷಧ ತಂದಳು. "ಅದು ಮುದುಕರಿಗೆ ಇನ್ನೂ ದಿಕ್ಕು ತಪ್ಪಸತೈತಿ" ಎಂದು ಆಯಾ ನನ್ನ ಕಿವಿಯಲ್ಲಿ ಹೇಳಿದ್ದಳು. ನಾನು ಬೇಡವೆಂದೆ. ಡಾಕ್ಟರು ಒಪ್ಪಿದರು, ಒಂದು ಚೂರು ತಂಬಾಕನ್ನು ದವಡೆಗೆ ಇಡುವುದಕ್ಕೂ. ಅಗಿಯಬಾರದು, ಅಷ್ಟೇ.

ಆದರೂ ಮೂರನೆಯ ದಿನ ದೀಪ ಹಚ್ಚುವ ಹೊತ್ತಿಗೆ ಅದು ಬಂತು. ಬೆರಳುಗಳು ಹೊದಿಕೆಯನ್ನು ಕೀಳತೊಡಗಿದವು. "ಯಾರಲೇ ಅಲ್ಲಿ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಕೈ ಚಾಚಿ ನನ್ನ ಕುತ್ತಿಗೆ ಹಿಡಿದಳು. ಅರವತ್ತು ದಾಟಿದ ಹೆಂಗಸಿನ ಹಿಡಿತ ಅದಲ್ಲ. ಉಗುರು ಇಳಿದವು, ಉಸಿರು ಕಟ್ಟಿತು, ಕಣ್ಣಿಗೆ ಕತ್ತಲೆ ಬಂತು. ಕೂಗಿದ್ದರೆ ಕಂಪೌಂಡರ್ ಬರುತ್ತಿದ್ದ. ಬಂದರೆ ಹಗ್ಗ ತರುತ್ತಿದ್ದ. ನಾನು ಕೂಗಲಿಲ್ಲ. ಅವಳ ಇನ್ನೊಂದು ಕೈಯನ್ನು ಎಳೆದು ತೋಳಿನ ಲಿಂಗದ ಮೇಲಿಟ್ಟೆ. ಹಿಡಿತ ಸ್ವಲ್ಪ ಸಡಿಲವಾಯಿತು.

"ನಾನ್ರಿ. ನಿಮ್ಮ ಸೊಸಿ."

"ಸುಳ್ಳ. ನೀ ಯಾರೋ ಬ್ಯಾರೆದಾಕಿ. ನನ್ನ ಹೂಳಾಕ ಬಂದಾಕಿ."

ಆಗ ನನ್ನ ಎಡ ಮುಂಗೈಯನ್ನು ಅವಳ ಬೆರಳಿನ ಕೆಳಗೆ ಕೊಟ್ಟೆ. "ನೋಡ್ರಿ. ಇದು ಯಾರು ಹಾಕಿದ ಬರಿ?"

ಬೆರಳು ಆ ಉಬ್ಬನ್ನು ಮುಟ್ಟಿತು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓಡಾಡಿತು. ನನ್ನ ಕುತ್ತಿಗೆಯ ಮೇಲಿದ್ದ ಕೈ ಬಿತ್ತು.

"ಹಾಲು ಉಕ್ಕಿತ್ತು" ಎಂದಳು.

"ಹೌದ್ರಿ."

"ನಾನ ಹಾಕಿದ್ದು."

"ಹೌದ್ರಿ, ನೀವ. ಈಗ ದೀಪ ಹಚ್ಚೋ ಹೊತ್ತು. ಇದು ಹೊಸಪ್ಯಾಟಿ ದವಾಖಾನಿ."

ಆ ಮುಂಗೈಯನ್ನು ಹಿಡಿದೇ ನಿದ್ದೆ ಹೋದಳು. ಮುಂದಿನ ದಿನಗಳಲ್ಲಿ ಬೆರಳು ಚಡಪಡಿಸಿದಾಗಲೆಲ್ಲ ಕೈ ಕೊಡುತ್ತಿದ್ದೆ. ನನಗೆ ಸಿಟ್ಟು ಬರುತ್ತಿತ್ತು. ಕೈ ಮಾತ್ರ ತೆಗೆಯಲಿಲ್ಲ.

ಹತ್ತನೆಯ ದಿನ ಪಟ್ಟಿ ಬಿಚ್ಚಿದರು. ಡಾಕ್ಟರು ಕಿಟಕಿಗೆ ಪರದೆ ಎಳೆದು, ಕಣ್ಣಿನ ಮುಂದೆ ಗಾಜು ಹಿಡಿದರು. ಅತ್ತೆ ನನ್ನನ್ನು ನೋಡಿದಳು. ಹಣೆಯ ಕಲೆ, ಕುತ್ತಿಗೆಯ ಉಗುರಿನ ಗುರುತು, ನರೆತ ಕೂದಲು.

"ಏನಲೇ, ಇಷ್ಟ ಹಾಳಾಗೀದಿ" ಎಂದಳು.

ಹೊಡೆಯುವುದು ನಿಂತಿತೇ ಎಂದು ಈ ಕಥೆ ಕೇಳಿದವರು ಕೇಳುತ್ತಾರೆ. ತಾನಾಗಿ ನಿಲ್ಲಲಿಲ್ಲ. ಎರಡು ತಿಂಗಳಾದ ಮೇಲೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಊದುಗೊಳವೆ ಎತ್ತಿದಳು. ನಾನು ಅವಳ ಮಣಿಕಟ್ಟು ಹಿಡಿದೆ. ನನ್ನ ಹಗ್ಗದ ಗುರುತು ಅಲ್ಲಿ ಇನ್ನೂ ಇತ್ತು. "ಸಾಕ್ರಿ ಅತ್ತೀ" ಎಂದೆ. ಅವಳು ಎಳೆದಳು, ನಾನು ಬಿಡಲಿಲ್ಲ. ಇಬ್ಬರೂ ಏದುಸಿರು ಬಿಡುತ್ತಾ ಒಲೆಯ ಮುಂದೆ ನಿಂತಿದ್ದೆವು. ಕೊನೆಗೆ ಕೊಳವೆ ಅವಳ ಕೈಯಿಂದ ಜಾರಿತು. ಅಂದಿನಿಂದ ಬಾಯಿ ಮಾತ್ರ ಉಳಿಯಿತು. ಆ ಬಾಯಿ ಸಾಯುವವರೆಗೂ ಸುಮ್ಮನಿರಲಿಲ್ಲ.

ಯುದ್ಧದ ಕಾಲದಲ್ಲಿ ಸಂಡೂರಿನಿಂದ ಯಜಮಾನರ ಅಕ್ಕ ಮತ್ತೆ ಬಂದರು. ಗಣಿಯ ಅದಿರು ಸಾಗಿಸುವ ಬಂಡಿಗಳನ್ನು ಅವರ ಗಂಡ ನಡೆಸುತ್ತಿದ್ದರು. ಆ ಗಂಡನಿಗೂ ವಯಸ್ಸಾಗಿತ್ತು. ಬಂಡಿಯ ಗಾಲಿ ಪಾದದ ಮೇಲೆ ಹರಿದು, ಕೊಳೆತು, ಕಾಲು ಕತ್ತರಿಸಬೇಕೆಂದು ಹೊಸಪೇಟೆಯ ಅದೇ ಡಾಕ್ಟರು ಹೇಳಿದ್ದರು. ಯಜಮಾನರ ಅಕ್ಕ ನನ್ನ ಮುಖ ನೋಡಲಾರದೆ ಕಂಬ ನೋಡುತ್ತಾ, "ನೀನು ಬಂದು ಕುಂದ್ರತೀಯೇನವ್ವ" ಎಂದರು. ನಾನು ಉತ್ತರ ಕೊಡುವ ಮೊದಲೇ ಅತ್ತೆ ಒಳಗಿನಿಂದ ಕೌದಿ ಮಡಚಿಕೊಂಡು ಬಂದಳು. "ನಾನೂ ಬರ್ತೀನಿ" ಎಂದಳು.

ಮತ್ತಿನ ಔಷಧ ಕೊಟ್ಟು ಕಾಲು ತೆಗೆದ ಮರುದಿನ ಆ ಮನುಷ್ಯ ಕೆರಳಿದರು. ಇಲ್ಲದ ಕಾಲಿಗೆ ಯಾರೋ ಬೆಂಕಿ ಇಟ್ಟಿದ್ದಾರೆಂದು ಕೂಗುತ್ತಾ, ಹಿಡಿಯಲು ಹೋದ ನನ್ನ ಎದೆಗೆ ಇದ್ದ ಕಾಲಿನಿಂದ ಒದ್ದರು. ನಾನು ಗೋಡೆಗೆ ಬಿದ್ದೆ. ಹೊಸ ಕಂಪೌಂಡರ್ ಹಗ್ಗ ಹಿಡಿದು ಬಂದ. ಅತ್ತೆ ದಪ್ಪ ಗಾಜಿನ ಕನ್ನಡಕದಲ್ಲಿ ಅವನನ್ನು ನೋಡಿ, ಮಂಚಕ್ಕೂ ಅವನಿಗೂ ನಡುವೆ ಹೋಗಿ ನಿಂತಳು. ಎರಡೂ ಮಣಿಕಟ್ಟುಗಳನ್ನು ಜೋಡಿಸಿ ಅವನ ಮುಂದೆ ಚಾಚಿದಳು.

"ಮೊದಲು ನನ್ನ ಕಟ್ಟು" ಎಂದಳು. "ಆಮ್ಯಾಲ ನಮ್ಮ ಅಳಿಯನ್ನ ಕಟ್ಟುವಂತಿ."

ಅವನು ಹಗ್ಗ ಸುತ್ತಿಕೊಂಡು ಹಿಂದಕ್ಕೆ ಹೋದ. ಅತ್ತೆ ಸ್ಟೂಲು ಎಳೆದುಕೊಂಡು ಅಳಿಯನ ತಲೆಯ ಹತ್ತಿರ ಕೂತು ಜೋರಾಗಿ ಶುರುಮಾಡಿದಳು: "ಅಳಿಯಂದ್ರ, ಇದು ಹೊಸಪ್ಯಾಟಿ ದವಾಖಾನಿ. ಈಗ ಮಧ್ಯಾನ. ನಿಮ್ಮ ಒಂದು ಕಾಲು ತಗದಾರ. ಬೆಂಕಿ ಇಲ್ಲ, ಯಾರೂ ಇಟ್ಟಿಲ್ಲ. ನಾನು ನಿಮ್ಮ ಅತ್ತಿ." ಅವರು ಬೈದರು. ಅವಳೂ ಬೈದಳು, ಆಮೇಲೆ ಮತ್ತೆ ಮೊದಲಿಂದ ಹೇಳಿದಳು. ನಾಲ್ಕೈದು ಸಲ ಹೇಳಿದ ಮೇಲೆ ಅವರು ನೀರು ಕೇಳಿದರು.

ನಾನು ಎದೆ ಹಿಡಿದುಕೊಂಡು ಇನ್ನೂ ಗೋಡೆಯ ಹತ್ತಿರವೇ ಕೂತಿದ್ದೆ. ಅತ್ತೆ ತಿರುಗಿ ನೋಡಿದಳು.

"ಏನ ನೋಡತೀದಿ? ಮುಂಜಾನಿಂದ ಏನೂ ತಿಂದಿಲ್ಲ. ಹೋಗಿ ಉಣ್ಣು, ಇಲ್ಲಿ ನಾ ಕುಂದರ್ತೀನಿ."

ನಾನು ಎದ್ದು ಹೋಗಿ, ಜಗುಲಿಯಲ್ಲಿ ಆಯಾನ ಪಕ್ಕ ಕೂತು, ರೊಟ್ಟಿಯ ಗಂಟು ಬಿಚ್ಚಿದೆ.